ಅತ್ತೆ ಆರಿಸಿದ ನೆಲ

ನಮ್ಮ ಅತ್ತೆಯ ಪಾದಗಳು ಅವರ ಮೈಗಿಂತ ಒಂದು ಅಳತೆ ದೊಡ್ಡವು. ಮೊಳಕೈ ಎಲುಬು ಎದ್ದು ಕಾಣುವಂಥ ಸಣಕಲು ಮೈ, ಅದರ ಕೆಳಗೆ ಬೆರಳು ಬಿಡಿಸಿಕೊಂಡ ಅಗಲವಾದ ಪಾದ. ಚಳಿಗಾಲದಲ್ಲಿ ಮೇಣದ ಬತ್ತಿ ಕರಗಿಸಿ, ಕೊಬ್ಬರಿ ಎಣ್ಣೆ ಬೆರೆಸಿ ಹಿಮ್ಮಡಿಯ ಬಿರುಕುಗಳಿಗೆ ತುಂಬಿಕೊಳ್ಳುತ್ತಿದ್ದರು. ಮಾವ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದರೂ ಕಾಲುಂಗುರ ಇದ್ದ ಜಾಗ ಎರಡನೇ ಬೆರಳಿನ ಸುತ್ತ ಬಿಳಿ ಗೀರಾಗಿ ಉಳಿದಿತ್ತು. ಮದುವೆಯಾಗಿ ರಾಣೆಬೆನ್ನೂರಿನ ಆ ಮನೆಗೆ ತಲೆ ತಗ್ಗಿಸಿಕೊಂಡು ಕಾಲಿಟ್ಟ ದಿನ ನಾನು ಮೊದಲು ನೋಡಿದ್ದು ಆ ಪಾದಗಳನ್ನೇ. ಮುಖ ನೋಡಿದ್ದು ಆಮೇಲೆ. ಮುಖದಲ್ಲಿ ಅಂಥ ವಿಶೇಷವೇನೂ ಇರಲಿಲ್ಲ, ದಣಿದ ಹೆಂಗಸರ ಮುಖ ಹೇಗಿರುತ್ತದೋ ಹಾಗಿತ್ತು.

ಅವರ ತವರು ಬ್ಯಾಡಗಿ. ಹುಡುಗಿಯಾಗಿದ್ದಾಗ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರಂತೆ. ದಿನವಿಡೀ ಗೋಣಿತಟ್ಟಿನ ಮೇಲೆ ಕೂತು ಕಾಯಿಯ ತೊಟ್ಟು ಮುರಿದು ಮುರಿದು ಬೆರಳ ತುದಿ ಉರಿಯುವುದು. ಆ ಕೈಯನ್ನು ಮರೆತು ಕಣ್ಣಿಗೆ ಮುಟ್ಟಿಸಿಕೊಂಡರೆ ಸಂಜೆಯ ತನಕ ಕಣ್ಣೀರು. ಆ ರೂಢಿಯಿಂದಲೇ ಇರಬೇಕು, ಮನೆಗೆ ಯಾರು ಬಂದರೂ, ಎಂಥ ಸುದ್ದಿ ತಂದರೂ ಅವರು ಹೇಳುತ್ತಿದ್ದದ್ದು ಒಂದೇ ಮಾತು: “ಮೊದಲ ಕೈ ತೊಳಕೊ. ಆಮ್ಯಾಲೆ ಹೇಳು.” ತಮ್ಮ ಮೈದುನ ತೀರಿಕೊಂಡ ಸುದ್ದಿ ಹೊತ್ತು ಬಂದವನಿಗೂ ಹಾಗೇ ಅಂದಿದ್ದರು. ಮೊಮ್ಮಗಳು ಹುಟ್ಟಿದ್ದಾಳೆಂದು ಆಸ್ಪತ್ರೆಯಿಂದ ಓಡಿಬಂದ ಮಗನಿಗೂ ಹಾಗೇ ಅಂದಿದ್ದರು.

ನಮ್ಮ ಮನೆಯ ದಿನಚರಿ ಅವರ ಮೇಲೆಯೇ ನಿಂತಿತ್ತು. ನನ್ನ ಗಂಡ ಬ್ಯಾಡಗಿಯ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯೊಂದರ ಗುಮಾಸ್ತ. ಸುಗ್ಗಿ ಶುರುವಾದರೆ ಅವನು ಮನೆಗೆ ಉಣ್ಣಲು, ಮಲಗಲು ಬರುವ ಮನುಷ್ಯ, ಅಷ್ಟೇ. ಮೈಯೆಲ್ಲ ಮೆಣಸಿನ ಘಾಟು, ಮಾತಿಗಿಂತ ಕೆಮ್ಮೇ ಹೆಚ್ಚು. ನಾನು ಊರಿನ ಬೀಜದ ಕಂಪನಿಯೊಂದರ ಪ್ರಯೋಗಾಲಯದಲ್ಲಿದ್ದೆ. ಒದ್ದೆ ಕಾಗದದ ಸುರುಳಿಯಲ್ಲಿ ಬೀಜ ಸಾಲಾಗಿಟ್ಟು, ಕೆಲವು ದಿನ ಬಿಟ್ಟು ಬಿಚ್ಚಿ, ಎಷ್ಟು ಮೊಳೆತಿವೆ ಎಂದು ಎಣಿಸಿ ಬರೆಯುವ ಕೆಲಸ. ಸಂಬಳ ದೊಡ್ಡದಲ್ಲ. ಆದರೆ ಒದ್ದೆ ಕಾಗದ ಬಿಚ್ಚಿದಾಗ ಬಿಳಿ ಬೇರುಗಳು ಒಂದೇ ಕಡೆಗೆ ಬಾಗಿ ನಿಂತಿರುವುದನ್ನು ನೋಡುವುದು ನನಗೆ ಎಂದೂ ಬೇಸರ ತರಲಿಲ್ಲ. ಮಗಳನ್ನು ಶಾಲೆಗೆ ತಯಾರು ಮಾಡಿ ನಾನು ಹೊರಟರೆ ಮತ್ತೆ ಒಳಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನಡುವಿನ ಮನೆಯೆಲ್ಲ ಅತ್ತೆಯದು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು, ಅತ್ತೆ ಎಡವಲು ಶುರು ಮಾಡಿದರು. ಹೊಸ್ತಿಲಿಗೆ ಎಡವಿದರು, ಕೊಡಕ್ಕೆ ಎಡವಿದರು, ಮಲಗಿದ್ದ ಬೆಕ್ಕಿನ ಮೇಲೆ ಕಾಲಿಟ್ಟರು. ವಯಸ್ಸು ಅಂದುಕೊಂಡೆವು. ಕೊನೆಗೆ ಹಾವೇರಿಯ ಕಣ್ಣಿನ ಡಾಕ್ಟರಿಗೆ ತೋರಿಸಿದಾಗ ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಸಾಯುತ್ತಿದೆ ಎಂದರು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದದ್ದು ಎಷ್ಟು ದಿನ ಉಳಿಯುತ್ತದೋ ಅಷ್ಟು ದಿನ ಹನಿ ಹಾಕಿ ಕಾಯಬೇಕು. ಮೆಣಸಿನಕಾಯಿಯಿಂದ ಹೀಗಾಯಿತೇ ಎಂದು ನನ್ನ ಗಂಡ ಕೇಳಿದ. ಇಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಅತ್ತೆಗೆ ಇದರಿಂದ ಸಮಾಧಾನವಾದಂತೆ ಕಂಡಿತು. ಬಸ್ಸಿನಲ್ಲಿ ಕೂತ ಮೇಲೆ ನಿಧಾನವಾಗಿ ಹೇಳಿದರು: “ಎದುರಿಗಿದ್ದವರ ಮಾರಿ ಕಾಣತೈತಿ. ನನ್ನ ಕಾಲು ನನಗ ಕಾಣಂಗಿಲ್ಲ.”

ನಮ್ಮ ಅಡುಗೆಮನೆಯ ನೆಲ ಮಾವನ ಕಾಲದ ಕೆಂಪು ಗಾರೆ. ಒಂದು ಕಾಲಕ್ಕೆ ಹೊಳೆಯುತ್ತಿತ್ತಂತೆ. ನಾನು ಕಂಡಾಗಿನಿಂದ ಅದು ಅಲ್ಲಲ್ಲಿ ಎದ್ದು, ಅಲ್ಲಲ್ಲಿ ಕುಳಿಬಿದ್ದು, ಮೂಲೆಯ ಮೋರಿಯ ಹತ್ತಿರ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತಿತ್ತು. ಒಲೆಯ ಕಟ್ಟೆಯ ಮುಂದೆ ಊಟದ ತಟ್ಟೆಯಷ್ಟಗಲದ ಕುಳಿಯೊಂದು. ನಾವೆಲ್ಲ ಅದನ್ನು ದಾಟಿ ನಡೆಯುವುದನ್ನು ಯೋಚನೆಯಿಲ್ಲದೆ ಕಲಿತಿದ್ದೆವು. ಒಂದು ದಿನ ಬೆಳಿಗ್ಗೆ ಅತ್ತೆ ಅನ್ನ ಬಸಿಯಲು ಪಾತ್ರೆ ಹಿಡಿದು ಮೋರಿಯ ಕಡೆ ಹೊರಟವರು ಆ ಕುಳಿಯಲ್ಲಿ ಕಾಲಿಟ್ಟರು. ಕುದಿಯುವ ಗಂಜಿ ಎಡಗೈ ಮತ್ತು ತೊಡೆಯ ಮೇಲೆ ಚೆಲ್ಲಿತು. ನಾನು ಮಗಳ ಜಡೆ ಹೆಣೆಯುತ್ತಿದ್ದೆ. ಪಾತ್ರೆ ಬಿದ್ದ ಸದ್ದು ಕೇಳಿ ಓಡಿದರೆ ಅವರು ಗೋಡೆಗೆ ಒರಗಿ ಕೂತಿದ್ದಾರೆ, ಕೂಗಿಲ್ಲ. ಅನ್ನ ಚೆಲ್ಲಿತಲ್ಲ ಎಂದು ಅದನ್ನೇ ಹೇಳುತ್ತಿದ್ದಾರೆ.

ಸುಟ್ಟ ಗಾಯ ಮಾಯಲು ಬಹಳ ದಿನ ಹಿಡಿಯಿತು. ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು. ನನ್ನ ಗಂಡ ಇನ್ನು ಮೇಲೆ ಅವ್ವ ಅಡುಗೆಮನೆಗೆ ಕಾಲಿಡಕೂಡದು ಎಂದ. ಅವನು ಜೋರು ಮಾಡುವವನಲ್ಲ, ಅಂದು ಮಾತ್ರ ದನಿ ಎತ್ತಿದ.

ಅಲ್ಲಿಂದ ನನ್ನ ದಿನಗಳು ಹೇಗಿದ್ದವು ಎಂದು ಈಗ ನೆನೆದರೂ ಬೆನ್ನು ನೋಯುತ್ತದೆ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿ, ಪಲ್ಯ ಮಾಡು, ಅತ್ತೆಯ ಗಾಯ ತೊಳೆ, ಮಗಳನ್ನು ಕಳಿಸು, ಓಡಿಹೋಗಿ ಕೆಲಸದಲ್ಲಿ ಬೀಜ ಎಣಿಸು. ಎಣಿಸುವಾಗ ಕಣ್ಣು ಮುಚ್ಚಿಬಂದು ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸು. ಸಂಜೆ ಬಂದರೆ ಮತ್ತೆ ಅದೇ ಒಲೆ. ಅತ್ತೆ ಅಡುಗೆಮನೆಯ ಹೊಸ್ತಿಲ ಹೊರಗೆ ಮಣೆ ಹಾಕಿಕೊಂಡು ಕೂತಿರುತ್ತಿದ್ದರು. ಒಳಗೆ ಬರಬೇಡಿ ಅಂದದ್ದಕ್ಕೆ ಅಕ್ಷರಶಃ ಹೊಸ್ತಿಲ ಹೊರಗೆ. ಅಲ್ಲಿಂದಲೇ ರೊಟ್ಟಿ ಬಡಿಯುವ ಸದ್ದು ಕೇಳಿ ಹಿಟ್ಟು ಗಟ್ಟಿಯಾಯಿತು, ಉರಿ ಕಡಿಮೆ ಮಾಡು ಎಂದು ಹೇಳುತ್ತಿದ್ದರು. ಅವರು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಕೆಲಸ ಬಿಟ್ಟರೆ ಹೇಗೆ ಎಂದು ನನ್ನ ಗಂಡ ಒಂದೆರಡು ಸಲ ಮೆತ್ತಗೆ ಕೇಳಿದ. ನಾನು ರೊಟ್ಟಿ ಬಡಿಯುತ್ತಾ ಹೋದೆ.

ಒಂದು ಸಂಜೆ ಒಲೆ ಹಚ್ಚುವ ಮೊದಲು ಸುಮ್ಮನೆ ಆ ನೆಲದ ಮೇಲೆ ಕೂತುಬಿಟ್ಟೆ. ಹೊಸ್ತಿಲಾಚೆ ಅತ್ತೆ, ಈಚೆ ನಾನು. ತಪ್ಪು ತಮ್ಮ ಕಣ್ಣಿನದಲ್ಲ, ನೆಲದ್ದು ಎಂದರು ಅತ್ತೆ. ನೆಲ ಸರಿ ಮಾಡಿಸಿದರೆ ತಾವು ಒಳಗೆ ಬರಬಹುದು, ಮಗನನ್ನು ಒಪ್ಪಿಸುವುದು ತಮ್ಮ ಜವಾಬ್ದಾರಿ ಎಂದರು.

ಮೇಸ್ತ್ರಿಯೊಬ್ಬನನ್ನು ಕರೆಸಿದೆವು. ಆಗ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು, ಊರಿನ ಹೊರಗೆ ಹೊಸ ಬಡಾವಣೆಗಳು ಏಳುತ್ತಿದ್ದವು. ಗಾರೆ ಕೆಲಸದವರು ಕೈಗೆ ಸಿಗುತ್ತಿರಲಿಲ್ಲ. ಬಂದವನು ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿ, ಇಷ್ಟು ಸಣ್ಣ ಕೋಣೆಗೆ ಬಂದರೆ ತನ್ನ ದಿನ ಹಾಳು ಎಂದ. ಯುಗಾದಿಯ ನಂತರ ನೋಡೋಣ ಎಂದು ಹೋದ. ಯುಗಾದಿ ಬಂತು, ಅವನು ಬರಲಿಲ್ಲ. ಇನ್ನೊಬ್ಬ ಕೇಳಿದ ಕೂಲಿ ನಾವು ಟೈಲ್ಸಿಗೆಂದು ಇಟ್ಟುಕೊಂಡದ್ದಕ್ಕಿಂತ ಹೆಚ್ಚಾಯಿತು. ನಾವೇ ಹಾಕಿಕೊಳ್ಳೋಣ ಎಂದು ಅತ್ತೆ ಅಂದಾಗ ನಾನು ನಕ್ಕೆ. ಅವರು ನಗಲಿಲ್ಲ. ತಾವು ಮಣ್ಣಿನ ಗೋಡೆ ಮೆತ್ತಿದವರು, ನೆಲ ಸಾರಿಸಿದವರು, ಸಿಮೆಂಟೂ ಒಂದು ನಮೂನೆ ಕೆಸರೇ ಅಲ್ಲವೇ ಎಂದರು. ಕೆಸರಲ್ಲ ಎಂಬುದು ಆಮೇಲೆ ಇಬ್ಬರಿಗೂ ಗೊತ್ತಾಯಿತು.

ಮೊದಲು ಹೋದದ್ದು ರಾಣೆಬೆನ್ನೂರಿನದೇ ಅಂಗಡಿಗೆ. ಗಾಜಿನ ಬಾಗಿಲು, ಒಳಗೆ ಗೋಡೆ ತುಂಬ ನಿಲ್ಲಿಸಿದ ಮಾದರಿಗಳು. ಮಾಲೀಕರು ಕನ್ನಡಿಯಂತೆ ಹೊಳೆಯುವ, ಕೆನೆ ಬಣ್ಣದ ಟೈಲ್ಸ್ ತೋರಿಸಿ ಈಗ ಎಲ್ಲರೂ ಇದನ್ನೇ ಹಾಕಿಸುವುದು, ಒರೆಸಿದರೆ ಆಯಿತು, ಕಡಿಮೆ ದರದಲ್ಲೂ ಸಿಗುತ್ತದೆ ಎಂದರು. ನನಗೆ ಅದು ಬಹಳ ಹಿಡಿಸಿತು. ನಮ್ಮ ಅಡುಗೆಮನೆ ಅಷ್ಟು ಬೆಳಕಾಗಿ ಇರುವುದನ್ನು ಊಹಿಸಿಕೊಳ್ಳುತ್ತಾ ನಿಂತೆ. ಅತ್ತೆ ನೀರು ಕೇಳಿದರು. ಬಾಯಾರಿಕೆ ಎಂದುಕೊಂಡು ಮಾಲೀಕರು ಲೋಟದಲ್ಲಿ ತರಿಸಿಕೊಟ್ಟರು. ಅತ್ತೆ ಲೋಟವನ್ನು ಆ ಹೊಳೆಯುವ ಟೈಲ್ಸಿನ ಮೇಲೆ ಬಗ್ಗಿಸಿದರು. ಚಪ್ಪಲಿ ಕಳಚಿಟ್ಟು, ನನ್ನ ಭುಜ ಹಿಡಿದುಕೊಂಡು ಅದರ ಮೇಲೆ ನಿಂತರು. ಒಂದು ಕಾಲು ಮುಂದಿಟ್ಟ ಕೂಡಲೇ ಜಾರಿತು. ನಾನು ಹಿಡಿದುಕೊಂಡೆ.

“ಇದು ಬ್ಯಾಡ,” ಎಂದರು, ಸೀರೆ ಕೂಡ ತಿದ್ದಿಕೊಳ್ಳದೆ.

ಮಾಲೀಕರ ಮುಖ ಕೆಟ್ಟಿತು. ಒದ್ದೆಯಾದ ಮಾದರಿಯನ್ನು ಒರೆಸಲು ಹೇಳಿ, ಇನ್ನೊಬ್ಬ ಗಿರಾಕಿಯ ಕಡೆ ತಿರುಗಿಕೊಂಡರು. ನನಗೆ ನಾಚಿಕೆಯಾಯಿತು. ಹೊರಗೆ ಬಂದ ಮೇಲೆ ಹಾಗೆ ಕೇಳದೆ ನೀರು ಸುರಿಯುವುದೇ ಎಂದೆ. ಕೇಳಿದ್ದರೆ ಅವರು ಬಿಡುತ್ತಿರಲಿಲ್ಲವಲ್ಲ ಎಂದರು ಅತ್ತೆ.

ಮುಂದಿನ ತಿಂಗಳು ಕಣ್ಣು ತೋರಿಸಲು ಹಾವೇರಿಗೆ ಹೋದಾಗ ಅಲ್ಲಿನ ಅಂಗಡಿಗೂ ಹೋದೆವು. ಆಸ್ಪತ್ರೆಯಲ್ಲಿ ಹಾಕಿದ ಹನಿಯಿಂದ ಅತ್ತೆಗೆ ಅಂದು ಎದುರಿನದೂ ಮಂಜು. ಈ ಸಲ ಅನುಮತಿ ಕೇಳಿಯೇ ನೀರು ಹಾಕಿದರು. ಒಂದೊಂದರ ಮೇಲೆ ನಿಂತು, ಹಿಮ್ಮಡಿ ತಿರುಗಿಸಿ, ಬೆರಳು ಮಡಚಿ ನೋಡಿ, ಕೊನೆಗೆ ಅವರು ಮೆಚ್ಚಿದ್ದು ಮನೆಯ ಮುಂದೆ ಗಾಡಿ ನಿಲ್ಲಿಸುವಲ್ಲಿ ಹಾಕುವ ಒರಟು ಟೈಲ್ಸ್. ಮೈತುಂಬ ಗುಳ್ಳೆ, ಗೀರು. ಅಗ್ಗವೂ ಹೌದು. ನಾನು ಬೇಡವೆಂದೆ. ವಾಪಸು ಬರುವ ಬಸ್ಸಿನಲ್ಲಿ ಅದೇ ಮಾತು ಮುಂದುವರಿದು ಜಗಳವಾಯಿತು.

“ಅದರಾಗ ಎಣ್ಣಿ, ಅರಿಷಿಣ ಹೊಕ್ಕರ ತಿಕ್ಕಾಕಿ ನಾನು,” ಎಂದೆ.

“ಜಾರಿ ಬಿದ್ದರ ನನ್ನ ಎತ್ತಾಕೀನೂ ನೀನ,” ಎಂದರು.

ಇಬ್ಬರ ಮಾತೂ ಸರಿಯಾಗಿತ್ತು, ಆದ್ದರಿಂದ ಜಗಳ ಅಲ್ಲಿಗೇ ನಿಂತಿತು. ಮೋಟೆಬೆನ್ನೂರು ದಾಟುವ ಹೊತ್ತಿಗೆ ಅವರು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದರು. ರಸ್ತೆ ಕೆಲಸದ ಧೂಳು ಕಿಟಕಿಯಿಂದ ಬಂದು ಇಬ್ಬರ ಮೇಲೂ ಕೂರುತ್ತಿತ್ತು. ಟೈಲ್ಸೂ ಬೇಡ, ಏನೂ ಬೇಡ, ಈ ಬಸ್ಸು ಹೀಗೇ ಎಲ್ಲೂ ನಿಲ್ಲದೆ ಹೋಗುತ್ತಿರಲಿ ಅನ್ನಿಸಿತು ನನಗೆ.

ದಾರಿ ತೋರಿಸಿದವನು ನನ್ನ ಗಂಡ. ಅವ್ವ ಅಡುಗೆಮನೆಗೆ ಹೋಗಬಾರದೆಂದು ಹೇಳಿದ್ದ ಮಾತನ್ನು ಅವನು ಹಿಂತೆಗೆದುಕೊಳ್ಳಲಿಲ್ಲ. ಆದರೆ ಒಂದು ದಿನ ಉಂಡು ಏಳುವಾಗ, ಬ್ಯಾಡಗಿಯಲ್ಲಿ ತನ್ನ ಮಾಲೀಕರ ಪರಿಚಯದವರ ಟೈಲ್ಸ್ ಅಂಗಡಿಯಿದೆ, ಹಿತ್ತಲಲ್ಲಿ ಉಳಿಕೆ ಡಬ್ಬಿಗಳು ಬಿದ್ದಿವೆ, ಕೇಳಿದ ದರಕ್ಕೆ ಕೊಡುತ್ತಾರೆ ಎಂದ. ಹೇಳಿ, ನಮ್ಮ ಮುಖ ನೋಡದೆ ಹೋಗಿ ಮಲಗಿಕೊಂಡ.

ಬ್ಯಾಡಗಿಗೆ ಹೋದ ದಿನ ಅತ್ತೆ ಮನೆಯಿಂದಲೇ ಬಾಟಲಿಯಲ್ಲಿ ನೀರು ತಂದಿದ್ದರು. ತವರೂರಿನಲ್ಲಿ ಇಳಿದ ಕೂಡಲೇ ಮೂಗರಳಿಸಿ ಗಾಳಿ ಎಳೆದುಕೊಂಡು, ಈ ವರ್ಷದ ಕಾಯಿ ಚೆನ್ನಾಗಿದೆ ಎಂದರು. ಹಿತ್ತಲಿನ ತಗಡಿನ ಮಾಡಿನ ಕೆಳಗೆ ಹರಿದ ಡಬ್ಬಿಗಳ ಮೇಲೆ ಕೆಂಪು ಧೂಳು ಕೂತಿತ್ತು. ಒಂದೊಂದು ಡಬ್ಬಿ ಎಳೆದಾಗಲೂ ಅಂಗಡಿಯವರೂ ಸೇರಿ ಮೂವರೂ ಸೀನಿದೆವು. ಬಹಳಷ್ಟು ಗೋಡೆಗೆ ಹಾಕುವಂಥವು, ಹೂ ಬಿಡಿಸಿದವು. ನೆಲದವು ಅಂತ ಸಿಕ್ಕಿದ್ದು ಎರಡು ನಮೂನೆ. ಒಂದು ಬೂದು ಬಣ್ಣದ್ದು, ಹೊಳಪಿಲ್ಲದ್ದು, ಕೈಯಾಡಿಸಿದರೆ ನುಣ್ಣಗೆ, ಒದ್ದೆಯಾದರೂ ತೀರಾ ಜಾರದು. ಇನ್ನೊಂದು ಇಟ್ಟಿಗೆ ಬಣ್ಣದ್ದು, ಮೈಮೇಲೆ ಉದ್ದಕ್ಕೆ ಸಣ್ಣ ಸಣ್ಣ ಗೆರೆಗಳು. ಅಂಚು ಕೆಲವು ಒಡೆದಿದ್ದವು, ಬಣ್ಣದಲ್ಲೂ ವ್ಯತ್ಯಾಸವಿತ್ತು, ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯವರು ಮೊದಲೇ ಹೇಳಿದರು. ಯಾವುದೊಂದೂ ನಮ್ಮ ನೆಲಕ್ಕೆ ಪೂರ್ತಿ ಸಾಲುತ್ತಿರಲಿಲ್ಲ. ಎರಡೂ ಸೇರಿದರೆ ಸಾಲುತ್ತಿತ್ತು.

ನನಗೆ ಅಳು ಬರುವಂತಾಯಿತು. ಇಷ್ಟು ತಿರುಗಿ ಕೊನೆಗೆ ತೇಪೆ ಹಾಕಿದ ನೆಲವೇ? ಅತ್ತೆ ಎರಡನ್ನೂ ಅಂಗಳದಲ್ಲಿ ಪಕ್ಕಪಕ್ಕ ಹಾಸಲು ಹೇಳಿ, ನೀರು ಸುರಿದು, ಕಣ್ಣು ಮುಚ್ಚಿಕೊಂಡು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ನಡೆದಾಡಿದರು. ನಾನೂ ಅಂಗಡಿಯವರೂ ಬಿಸಿಲಿನಲ್ಲಿ ನಿಂತೇ ಇದ್ದೆವು. ಕೊನೆಗೆ ನಿಂತು, ಗೆರೆಯದು ನೀರಿರುವ ಕಡೆ, ನುಣುಪಿನದು ಒಲೆಯ ಕಡೆ ಎಂದರು. ನೀರಿನ ಹತ್ತಿರ ಜಾರುವುದಿಲ್ಲ, ಎಣ್ಣೆ ಬೀಳುವ ಕಡೆ ನೀನು ತಿಕ್ಕಬೇಕಾಗಿಲ್ಲ. ಅಷ್ಟು ಹೇಳಿ, ಎಲ್ಲಿ ನಿಂತಿದ್ದೇನೆ ಎಂಬುದು ಕಾಲಿಗೇ ಗೊತ್ತಾಗುತ್ತದೆ ಎಂದರು. ಅವರು ಪೂರ್ತಿ ಕುರುಡಾಗುವ ದಿನಕ್ಕೆ ಆಗಲೇ ತಯಾರಿ ನಡೆಸಿದ್ದಾರೆಂದು ನನಗೆ ಆಗ ತಿಳಿಯಿತು. ನಾವು ಮನೆಯಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ.

ಖಾಲಿ ಚೀಲ ಹೊತ್ತು ರಾಣೆಬೆನ್ನೂರಿಗೆ ಬರುತ್ತಿದ್ದ ಟೆಂಪೋದಲ್ಲಿ ಡಬ್ಬಿಗಳು ಬಂದವು. ಕೆಲಸ ಭಾನುವಾರ ಮಾತ್ರ. ಅಡುಗೆ ನಿಲ್ಲುವಂತಿಲ್ಲವಾದ್ದರಿಂದ ಮೊದಲು ಮೋರಿಯ ಕಡೆಯ ಅರ್ಧ, ಆಮೇಲೆ ಒಲೆಯ ಕಡೆಯ ಅರ್ಧ ಎಂದು ಇಟ್ಟುಕೊಂಡೆವು. ಮೊದಲ ಭಾನುವಾರ ಎದ್ದ ಗಾರೆ ಕೆತ್ತಿ ಕುಳಿ ತುಂಬುವಷ್ಟರಲ್ಲಿ ನನ್ನ ಅಂಗೈಯಲ್ಲಿ ಬೊಬ್ಬೆ. ಎರಡನೆಯ ಭಾನುವಾರ ನೆನೆಹಾಕಿದ್ದ ಟೈಲ್ಸ್ ತೆಗೆದು, ಸಿಮೆಂಟು ಮರಳು ಹರವಿ, ಮೊದಲ ಸಾಲು ಕೂರಿಸಿದೆವು. ಅತ್ತೆ ಲಟ್ಟಣಿಗೆಯಿಂದ ಒಂದೊಂದನ್ನೂ ಮೆಲ್ಲಗೆ ಬಡಿಯುತ್ತಾ, ಟೊಳ್ಳು ಸದ್ದು ಬಂದರೆ ತೆಗೆಸಿ ಮತ್ತೆ ಹಾಕಿಸುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದರು. ನೋಡಲು ಸಾಲು ನೇರವಾಗಿಯೇ ಬಂತು. ಮರುದಿನ ನೀರು ಹಾಕಿ ನೋಡಿದರೆ ಅದು ಮೋರಿಗೆ ಹರಿಯುವ ಬದಲು ಒಲೆಯ ಕಡೆಗೆ ಹರಿದು ಬಂತು.

ಅಂದು ಸೋಮವಾರ. ಕೆಲಸದಿಂದ ಬಂದು ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ. ಹರಿದು ಬಂದ ನೀರನ್ನು ನೋಡುತ್ತಾ ನಿಂತವಳಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ, ಒಳಗಿದ್ದದ್ದೆಲ್ಲ ಬಾಯಿಗೆ ಬಂತು. ನನ್ನ ಕೈಲಾಗುವುದಿಲ್ಲ, ಎರಡು ಕಡೆ ದುಡಿಯಲು ನಾನೇನು ಎತ್ತಲ್ಲ, ಈ ಹುಚ್ಚು ಬೇಡವೆಂದಿದ್ದೆ, ನೀವು ಕೂತಿರಿ ಅಂದರೆ ಕೂರುವುದಿಲ್ಲ ಎಂದು ಏನೇನೋ ಅಂದೆ. ಕೊನೆಗೆ ಅಂದೆ: “ನಾ ಕೆಲಸ ಬಿಡ್ತೇನಿ. ಎಲ್ಲಾರಿಗೂ ಆರಾಮ ಆಗ್ಲಿ.”

ಅತ್ತೆ ಹೊಸ್ತಿಲ ಹೊರಗೆ ಮಣೆಯ ಮೇಲೆ ಕೂತಿದ್ದರು. ಸುಟ್ಟ ಕೈಯ ಮೇಲೆ ಇನ್ನೊಂದು ಕೈ ಇತ್ತು. ನನ್ನ ಮಾತು ಮುಗಿಯುವ ತನಕ ಕಾದರು.

“ನನಗ ಹೊತ್ತು ಹೋಗವಲ್ದು ಅಂತ ಈ ನೆಲಾ ಮಾಡಾಕತ್ತೇನಿ ಅಂತ ತಿಳದೀಯೇನು?” ಎಂದರು. “ನಾ ಕುಂದರತೇನಿ, ಅದೇನು ದೊಡ್ಡ ಕೆಲಸಲ್ಲ. ನೀ ಯಾವಾಗ ಕುಂದರಾಕಿ?”

ಅವರು ನನ್ನ ಕಡೆ ನೋಡದೆ, ಬಾಗಿಲ ಚೌಕಟ್ಟಿಗೆ ಹೇಳುವವರ ಹಾಗೆ ಹೇಳುತ್ತಾ ಹೋದರು. ಮದುವೆಯಾದ ಮೇಲೆ ತಮ್ಮನ್ನು ತೊಟ್ಟು ಬಿಡಿಸುವ ಕೆಲಸದಿಂದ ಬಿಡಿಸಿದರಂತೆ. ಮನೆಯ ಸೊಸೆ ಮೆಣಸಿನಕಾಯಿಯಲ್ಲಿ ಕೂರುವುದು ಮಾವನ ಮನೆಯವರಿಗೆ ಸರಿಬರಲಿಲ್ಲ. ಎಲ್ಲರೂ ಪುಣ್ಯವಂತೆ, ಉರಿ ತಪ್ಪಿತು ಅಂದರಂತೆ. “ಕೈ ಉರೀತಿದ್ದವು, ಖರೇ. ಆದ್ರ ಅಲ್ಲಿ ನಾಕು ಮಂದಿ ಇದ್ರು, ಮಾತಿತ್ತು, ನಗಿ ಇತ್ತು. ಬಿಟ್ಟ ದಿನ ಬಚ್ಚಲದಾಗ ನಿಂತು ಅತ್ತೇನಿ. ಇವತ್ತಿನ ತನಕ ಯಾರಿಗೂ ಹೇಳಿಲ್ಲ.” ಆಮೇಲೆ ದನಿ ಎತ್ತದೆಯೇ ಹೇಳಿದರು: “ನೀ ಬಿಡಬ್ಯಾಡ.”

ನಾನು ಚೀಲ ಕೆಳಗಿಟ್ಟೆ. ಹಸಿಯಾಗಿದ್ದಾಗಲೇ ತೆಗೆದರೆ ಟೈಲ್ಸ್ ಉಳಿಯುತ್ತವೆ ಎಂದು ಅವರು ಅಂದರು. ಇಬ್ಬರೂ ಸೇರಿ ಆ ಸಂಜೆಯೇ ಸಾಲನ್ನು ಎಬ್ಬಿಸಿದೆವು. ಎರಡು ಒಡೆದವು, ಉಳಿದವನ್ನು ಕೆರೆದು ತೊಳೆದಿಟ್ಟೆವು. ಒಳಗೆ ಬರಬಾರದೆಂಬ ಮಾತು ಇದ್ದೇ ಇತ್ತು. ಹಿಂದಿನ ದಿನದಂತೆ ಆಗಲೂ ಅವರು ಬಂದಿದ್ದರು, ನಾನು ತಡೆಯಲಿಲ್ಲ.

ಮರುವಾರ ನನ್ನ ಗಂಡ ಎಲ್ಲಿಂದಲೋ ಒಂದು ಉದ್ದನೆಯ ಪಾರದರ್ಶಕ ಪೈಪು ತಂದ. ಕಟ್ಟಡದವರು ಅದರಲ್ಲಿ ನೀರು ತುಂಬಿ ಮಟ್ಟ ನೋಡುವುದನ್ನು ದಾರಿಯಲ್ಲಿ ನಿಂತು ನೋಡಿ ಬಂದಿದ್ದನಂತೆ. ಒಂದು ತುದಿ ಅವನು ಹಿಡಿದ, ಇನ್ನೊಂದು ನಾನು. ಅತ್ತೆ ನಡುವೆ ಕೂತು ನೀರು ಎಲ್ಲಿ ನಿಂತಿತು ಎಂದು ಕೇಳುತ್ತಿದ್ದರು. ನಾವು ಹೇಳುತ್ತಿದ್ದೆವು. ಮೂವರೂ ಎಷ್ಟು ದಣಿದಿದ್ದೆವೆಂದರೆ ಪೈಪು ಹಿಡಿದು ನಿಲ್ಲುವುದೇ ವಿಶ್ರಾಂತಿಯಂತಿತ್ತು. ಅಂದು ಹಾಕಿದ ಸಾಲಿನ ಮೇಲೆ ನೀರು ಸರಿಯಾಗಿ ಮೋರಿಗೆ ಇಳಿಯಿತು.

ನೆಲ ಮುಗಿಯುವ ಹೊತ್ತಿಗೆ ಮಳೆ ಶುರುವಾಗಿತ್ತು. ಗೋಡೆಯಂಚಿಗೆ ಇಡೀ ಟೈಲ್ಸ್ ಕೂರದೆ, ನನ್ನ ಗಂಡ ಸುತ್ತಿಗೆಯಿಂದ ಒಡೆದ ಚೂರುಗಳನ್ನೇ ಹೇಗೋ ಹೊಂದಿಸಿದೆವು. ಕಟ್ಟೆಯ ಕೆಳಗಂತೂ ಯಾವ ಚೂರು ಎಲ್ಲಿದೆಯೋ ದೇವರಿಗೇ ಗೊತ್ತು. ಬಾಗಿಲ ಹತ್ತಿರ ಒಂದು ಟೈಲ್ಸ್ ಸ್ವಲ್ಪ ಎದ್ದು ನಿಂತಿತು. ಅತ್ತೆ ಅದಕ್ಕೆ ಒಮ್ಮೆಯೂ ಎಡವಲಿಲ್ಲ, ನಾನು ಮಾತ್ರ ವಾರಕ್ಕೊಮ್ಮೆ ಹೆಬ್ಬೆರಳು ಜಜ್ಜಿಕೊಂಡೆ. ಚಂದದ ನೆಲವೇನಲ್ಲ. ನೋಡಲು ಬಂದ ನನ್ನ ತವರಿನವರು ಇದೇನು ಎರಡು ಬಣ್ಣ ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೇರೆ ಮಾತೆತ್ತಿದರು.

ಅತ್ತೆ ಅಡುಗೆಮನೆಗೆ ಮರಳಿದ್ದಕ್ಕೆ ಯಾರೂ ಒಪ್ಪಿಗೆ ಕೊಡಲಿಲ್ಲ. ಒಂದು ಸಂಜೆ ನಾನು ಬರುವಾಗ ಬೀದಿಗೇ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಮಗಳು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ನನ್ನ ಗಂಡ ಬಂದು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಾನೂ ಬಂದು ತಟ್ಟೆ ಹಾಕಿಕೊಂಡು ಕೂತ.

ಎರಡು ವರ್ಷದಲ್ಲಿ ಉಳಿದ ದೃಷ್ಟಿಯೂ ಹೋಯಿತು. ಹನಿ ಹಾಕುವುದನ್ನು ತಪ್ಪಿಸಿರಲಿಲ್ಲ, ಆದರೂ ಹೋಯಿತು. ನಡುಮನೆಯಲ್ಲಿ ಅವರು ಗೋಡೆ ಹಿಡಿದು ನಡೆಯುತ್ತಿದ್ದರು. ಅಡುಗೆಮನೆಯ ಹೊಸ್ತಿಲು ದಾಟಿದರೆ ಎರಡೂ ಕೈ ಬಿಡುತ್ತಿದ್ದರು. ಕೆಲವೊಮ್ಮೆ ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು, ಬೇಳೆ ತಳ ಹಿಡಿಯುತ್ತಿತ್ತು. ಎಣ್ಣೆಯಲ್ಲಿ ಕರಿಯುವುದನ್ನು ಮಾತ್ರ ನಾನು ಮನೆಯಲ್ಲಿಲ್ಲದಾಗ ಮಾಡಕೂಡದೆಂದು ಆಣೆ ಹಾಕಿಸಿಕೊಂಡಿದ್ದೆ. ಅದನ್ನೂ ಅವರು ಒಮ್ಮೆ ಮುರಿದರು, ಮೊಮ್ಮಗಳು ಮಿರ್ಚಿ ಕೇಳಿದಳೆಂದು. ಸಂಜೆ ನಾನು ಒಳಗೆ ಬಂದ ಕೂಡಲೇ ನನ್ನ ಕಾಲಿನ ಸದ್ದಿನಿಂದಲೇ ಎಷ್ಟು ದಣಿದಿದ್ದೇನೆಂದು ಅಳೆದು, ಕೂರಿಸಿ, ಚಹಾ ಕೈಗೆ ಕೊಟ್ಟು, ಇವತ್ತು ಯಾವ ಬೀಜ, ಎಷ್ಟು ಮೊಳೆತವು ಎಂದು ಕೇಳುತ್ತಿದ್ದರು. ಬದನೆ ಅಂದರೆ ಬದನೆಯ ಬಗ್ಗೆ, ಟೊಮೆಟೊ ಅಂದರೆ ಟೊಮೆಟೊ ಬಗ್ಗೆ. ಮೆಣಸಿನ ಬೀಜ ಅಂದ ದಿನ ಪ್ರಶ್ನೆಗಳು ಹೆಚ್ಚು. ನನ್ನ ಕೆಲಸದ ಬಗ್ಗೆ ನನ್ನನ್ನು ಹಾಗೆ ಕೇಳಿದವರು ಜಗತ್ತಿನಲ್ಲಿ ಇನ್ನೊಬ್ಬರಿಲ್ಲ. ನಾನು ಆ ಕೆಲಸದಲ್ಲಿ ಉಳಿದೆ. ಸಹಾಯಕಿಯಾಗಿ ಸೇರಿದವಳು ಆ ಪ್ರಯೋಗಾಲಯದ ಜವಾಬ್ದಾರಿ ಹೊರುವ ತನಕ ಉಳಿದೆ.

ಅವರ ಕೊನೆಯ ಕಾಯಿಲೆ ಜ್ವರವಾಗಿ ಬಂದು ಎದೆಗೆ ಇಳಿಯಿತು. ಊರಿನ ಆಸ್ಪತ್ರೆಯಲ್ಲಿ ಸೇರಿಸಿದ್ದೆವು. ಗಂಡ ಹಗಲೂ ರಾತ್ರಿಯೂ ಅಲ್ಲೇ ಇರುತ್ತಿದ್ದ, ನಾನು ಬೆಳಿಗ್ಗೆ ಹೋಗಿ ಮುಖ ತೊಳೆಸಿ ಉಣಿಸಿ ಬರುತ್ತಿದ್ದೆ. ಆ ಬೆಳಿಗ್ಗೆ ಹಾಲಿನಲ್ಲಿ ರೊಟ್ಟಿ ನೆನೆಸಿ ಎರಡು ತುತ್ತು ತಿನ್ನಿಸಿದಾಗ, ಇದು ಯಾರು ಬಡಿದದ್ದು ಎಂದು ಕೇಳಿದರು. ಸುಳ್ಳು ಹೇಳುವಂತಿರಲಿಲ್ಲ, ಬಾಯಿಗೆ ಗೊತ್ತಾಗಿತ್ತು. ಖಾನಾವಳಿಯಿಂದ ತಂದೆ, ಏಳಲಾಗಲಿಲ್ಲ ಎಂದೆ. ಹೊರಗಿನ ರೊಟ್ಟಿಯನ್ನು ಆ ಮನೆಯಲ್ಲಿ ಅವರು ಎಂದೂ ಒಳಗೆ ಬಿಟ್ಟವರಲ್ಲ. ಬೈಗುಳಕ್ಕೆ ಕಾದೆ.

“ಛಲೋ ಮಾಡಿದಿ,” ಎಂದರು. ಇನ್ನೊಂದು ತುತ್ತು ಬೇಡವೆಂದು ಕೈಯಾಡಿಸಿ, ಉಳಿದದ್ದನ್ನು ನೀನು ತಿನ್ನು ಎಂದರು. ಇವತ್ತು ರಜೆ ಹಾಕುತ್ತೇನೆ, ಇಲ್ಲೇ ಇರುತ್ತೇನೆ ಎಂದೆ. ಅವರು ಮುಖವನ್ನು ಕಿಟಕಿಯ ಬೆಳಕು ಬರುವ ಕಡೆಗೆ ತಿರುಗಿಸಿ, “ಹೊತ್ತಾತು. ನೀ ಹೋಗು,” ಎಂದರು.

ನಾನು ಹೋದೆ. ಮಧ್ಯಾಹ್ನ ಆಸ್ಪತ್ರೆಯಿಂದ ಗಂಡನ ಫೋನು ಬಂದಾಗ ನನ್ನ ಮುಂದೆ ಬಿಚ್ಚಿದ ಒದ್ದೆ ಕಾಗದವಿತ್ತು, ಅರ್ಧ ಎಣಿಸಿ ಮುಗಿದಿತ್ತು. ಜೊತೆಯವರು ಬಂದು ನನ್ನ ಕೈ ಹಿಡಿದು ಏಳು ಎಂದರು. ಒಂದು ನಿಮಿಷ ಎಂದು ಅವರಿಗೆ ಹೇಳಿದೆ. ಉಳಿದ ಮೊಳಕೆಗಳನ್ನು ಒಂದೊಂದಾಗಿ ಎಣಿಸಿದೆ, ತಪ್ಪಲಿಲ್ಲ. ಎಷ್ಟೆಂದು ಬರೆದಿಟ್ಟು ಎದ್ದೆ.